ಪ್ಲಾನ್ ತೋರಿಸುವ ಮೊದಲು ಕೆರೆ ಸುತ್ತಿ

ಕೆಲವು ವರ್ಷಗಳ ಹಿಂದೆ ಮಂಡ್ಯ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ ಕೆರೆ ಅಭಿವೃದ್ಧಿ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆಗೆ ಹೋಗಿದ್ದೆ. ಬೆಳಿಗ್ಗೆ ಹನ್ನೊಂದು ಗಂಟೆ. ನಾಲೆಗೆ ನೀರು ಬಿಟ್ಟು ಎರಡು ದಿನ ಆಗಿತ್ತು, ರೈತರೆಲ್ಲ ಗದ್ದೆಯಲ್ಲಿದ್ದರು. ಬಾಗಿಲಲ್ಲೇ ಒಂದು ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರು. ಹಾಜರಿ ಇರಬೇಕು ಅಂತ ನಾನೂ ಹಾಕಿದೆ. ಆಮೇಲೆ ನೋಡಿದರೆ ಆ ಸಹಿಗಳ ಮೇಲೆ ಖಾಲಿ ಬಿಟ್ಟಿದ್ದ ಜಾಗದಲ್ಲಿ 'ಯೋಜನೆಗೆ ಸಭೆಯು ಸರ್ವಾನುಮತದಿಂದ ಒಪ್ಪಿದೆ' ಎಂಬ ಸಾಲು ಬಂದು ಕೂತಿತ್ತು.

ಅಲ್ಲಿಂದೀಚೆಗೆ ಇಂಥ ಸಭೆ ನಡೆಸುವವರಿಗೆ ಆಗಾಗ ಕೈಜೋಡಿಸಿದ್ದೇನೆ. ನಿಮ್ಮೂರಲ್ಲೂ ಕೆರೆ, ರಸ್ತೆ, ಬಡಾವಣೆ ಸೇರಿಸಿ ಪ್ಲಾನ್ ಮಾಡುವುದಿದ್ದರೆ ಹೀಗೆ ಮಾಡಿ.

1. ದಿನ ಗೊತ್ತು ಮಾಡಿ. ಸಂತೆ, ಜಾತ್ರೆ, ನಾಲೆ ನೀರಿನ ಸರದಿ ಬಿಟ್ಟು ಬೇರೆ ದಿನ. ತಮಟೆ ಹೊಡೆಸಿ ಸಾರಿಸಿ. ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕಿದರೆ ಸಾಕು ಅನ್ನುವವರ ಮಾತು ಕೇಳಬೇಡಿ. ಆ ಗ್ರೂಪ್‌ನಲ್ಲಿ ಇರುವವರು ಹೇಗಿದ್ದರೂ ಬರುತ್ತಾರೆ.

2. ಕರೆಯಬೇಕಾದವರ ಪಟ್ಟಿ ಮಾಡಿ. ಕೆರೆ ನೀರು ಬಿಡುವ ನೀರಗಂಟಿ, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಕುರಿ ಮೇಯಿಸುವವರು, ಕೆರೆ ನೀರು ಉಣ್ಣುವ ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆಯವರು. ಕೆರೆ ತುಂಬಿ ಕೋಡಿ ಹರಿದರೆ ನೀರು ಹೋಗುವ ಕೆಳಗಿನ ಊರಿನಿಂದಲೂ ಇಬ್ಬರು ಇರಲಿ. ನಾನು ನೋಡಿದ ಪಟ್ಟಿಗಳಲ್ಲಿ ಬಿಟ್ಟುಹೋಗುವವರು ಯಾವಾಗಲೂ ಇವರೇ.

3. ಕೆರೆ ಸುತ್ತಿ. ಹೆಚ್ಚಿನವರು ಎಡವುವುದು ಇಲ್ಲೇ. ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕಿ ಬಣ್ಣಬಣ್ಣದ ಚಿತ್ರ ತೋರಿಸುತ್ತಾರೆ. ಜನ 'ಚೆನ್ನಾಗಿದೆ' ಅಂದು ಕಾಫಿ ಕುಡಿದು ಹೋಗುತ್ತಾರೆ. ಚಿತ್ರ ಮುಗಿದಿದೆ ಅಂತ ಗೊತ್ತಾದ ಮೇಲೆ ಯಾರು ತಾನೇ ಬಾಯಿ ಬಿಡ್ತಾರೆ?

ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಹೊರಡಿ. ತೊಣ್ಣೂರು ಕೆರೆಯಂಥ ದೊಡ್ಡದಾದರೆ ಎರಡು ಬೆಳಿಗ್ಗೆ ಇಟ್ಟುಕೊಳ್ಳಿ. ಕೈಯಲ್ಲಿ ಹಳೇ ಗ್ರಾಮ ನಕ್ಷೆ, ಕೆರೆಯ ಪಹಣಿ ಇರಲಿ. ಗುಂಪು ಹದಿನೈದು ಜನ ದಾಟಬಾರದು, ದಾಟಿದರೆ ಹಿಂದಿನವರು ರಾಜಕೀಯ ಮಾತಾಡಲು ಶುರು ಮಾಡುತ್ತಾರೆ. ನೀವು ವಿವರಿಸಬೇಡಿ. 'ಈ ಹಳ್ಳದಲ್ಲಿ ಮೊದಲು ನೀರು ಬರ್ತಿತ್ತಾ?' ಅಂತ ಕೇಳಿ ಸುಮ್ನೆ ನಿಂತುಕೊಳ್ಳಿ. ನಕ್ಷೆಯಲ್ಲಿರುವ ಹಳ್ಳ ಈಗ ಯಾರದೋ ಕಾಂಪೌಂಡ್ ಒಳಗೆ ಹೋಗಿರುತ್ತದೆ. ಇಲ್ಲವೇ ಅದರಲ್ಲಿ ಮಳೆನೀರಿನ ಬದಲು ಚರಂಡಿ ನೀರು ಬರುತ್ತಿರುತ್ತದೆ. ಕೆರೆ ತುಂಬಾ ಅಂತರಗಂಗೆ ಕಳೆ ಬೆಳೆಯುವುದು ಆ ಚರಂಡಿಯ ಗೊಬ್ಬರ ಉಂಡೇ.

ಒಮ್ಮೆ ಏರಿ ಮೇಲೆ ಸಾಲುಮರ ನೆಡುವ ಪ್ಲಾನ್ ಇತ್ತು. ವಯಸ್ಸಾದ ನೀರಗಂಟಿಯೊಬ್ಬರು ಕೋಲಿನಿಂದ ಮಣ್ಣು ಕೆದಕಿ, 'ಮರ ಸತ್ರೆ ಬೇರು ಕೊಳೀತದೆ ಸ್ವಾಮಿ, ಆ ತೂತಲ್ಲೇ ನೀರು ದಾರಿ ಮಾಡ್ಕತದೆ' ಅಂದರು. ಮಣ್ಣಿನ ಏರಿಗಳು ಸೋರುವುದಕ್ಕೆ ಅದೂ ಒಂದು ಕಾರಣ. ಇಡೀ ಪ್ಲಾನ್‌ನಲ್ಲಿ ಆ ಒಂದು ಮಾತು ಇರಲಿಲ್ಲ.

ಸುತ್ತಿ ಬಂದ ತಕ್ಷಣ, ಅವತ್ತೇ, ಅರಳಿಕಟ್ಟೆ ಮುಂದೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಕೆರೆ ಬರೆಸಿ. ಪುಡಿಯನ್ನು ಹೆಂಗಸರ ಕೈಗೇ ಕೊಡಿ. ಗಂಡಸರ ಕೈಗೆ ಕೊಟ್ಟರೆ ಮೊದಲು ರಸ್ತೆ ಬರೆಯುತ್ತಾರೆ. ಹೆಂಗಸರು ನೀರು ತರುವ ಜಾಗ, ಕತ್ತಲಾದ ಮೇಲೆ ಓಡಾಡಲು ಹೆದರುವ ಜಾಗ ಬರೆಯುತ್ತಾರೆ. ಅಕ್ಕಿಹಿಟ್ಟು ಬೇಡ, ಇರುವೆ ಬರುತ್ತದೆ. ಮಿರಿಮಿರಿ ಮಿಂಚುವ ಬಣ್ಣದ ಪುಡಿಯಂತೂ ಬೇಡವೇ ಬೇಡ. ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತದೆ, ದುಡ್ಡೂ ದಂಡ. ಬಿಳಿ ರಂಗೋಲಿ ಪುಡಿ, ಗದ್ದೆಗೆ ನೀರು ಬಿಡುವ ತೂಬಿಗೊಂದು ಕಲ್ಲು, ಕೋಡಿಗೊಂದು ಕಡ್ಡಿ ಸಾಕು. ಯಾರಾದರೂ ಕಾಲಲ್ಲಿ ಒರೆಸಿ 'ಇಲ್ಲಲ್ಲ, ಕೋಡಿ ಇನ್ನೂ ಈಚೆ' ಅಂದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥ. ಅಳಿಸುವ ಮೊದಲು ಮಾಳಿಗೆ ಮೇಲಿಂದ ಒಂದು ಫೋಟೊ ತೆಗೆದುಕೊಳ್ಳಿ.

4. ಸಭೆ ನಡೆಸಿ. 'ಪಾರ್ಕ್ ಬೇಕಾ?' ಅಂತ ಕೇಳಬೇಡಿ, ಯಾರು ಬೇಡ ಅಂತಾರೆ? ಒಂದು ಬೇಕೆಂದರೆ ಇನ್ನೊಂದು ಬಿಡಬೇಕಾಗುವ ಪ್ರಶ್ನೆ ಇಡಿ. ಬೋಟಿಂಗ್ ಮಾಡಬೇಕಾದರೆ ಬೇಸಿಗೆಯಲ್ಲೂ ಕೆರೆಯಲ್ಲಿ ನೀರು ನಿಲ್ಲಿಸಬೇಕು. ಗದ್ದೆಗೆ ನೀರು ಬೇಕಾದರೆ ತೂಬು ಎತ್ತಬೇಕು. ಯಾವುದು? ದಂಡೆ ಸುತ್ತ ಕಲ್ಲು ಕಟ್ಟಿ ವಾಕಿಂಗ್ ಪಾತ್ ಮಾಡಿದರೆ ದನ ನೀರಿಗಿಳಿಯುವುದು ಎಲ್ಲಿ? ಆಗ ಜಗಳ ಆಗುತ್ತದೆ, ಆಗಲಿ. ಹೆಂಗಸರನ್ನು ಬೇರೆ ಕೂರಿಸಿ ಅರ್ಧ ಗಂಟೆ ಕೇಳಿ. ತಿಂಡಿ ಕೊನೆಗೆ. ವಡೆ ಮೊದಲೇ ಹಂಚಿದರೆ ಸಭೆಯೂ ಅಲ್ಲಿಗೇ ಮುಗಿಯುತ್ತದೆ.

5. ನಡಾವಳಿ ಬರೆದು, ಜೋರಾಗಿ ಓದಿ, ಆಮೇಲೆ ಸಹಿ. ಕೊನೇ ಸಾಲಿನ ಕೆಳಗೆ ಜಾಗ ಬಿಡದೆ ಅಡ್ಡಗೆರೆ ಎಳೆದು, ಅದರ ಕೆಳಗೆ ಸಹಿ ಶುರುವಾಗಲಿ. ಒಪ್ಪದವರ ಮಾತು 'ಕೆಲವರು ಆಕ್ಷೇಪಿಸಿದರು' ಅಂತ ಸವರಿಬಿಡದೆ ಅವರ ಮಾತಲ್ಲೇ ಬರಲಿ. ಅಲ್ಲೇ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ತೆಗೆಯಲು ಬಿಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

6. ಲಿಖಿತ ಆಕ್ಷೇಪ ಮರೆಯಬೇಡಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಊರು ಹೇಗೆ ಬೆಳೆಯಬೇಕು ಅಂತ ಹೇಳುವ ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದರೆ ಆಕ್ಷೇಪ ಕೊಡಲು ಜನರಿಗೆ 60 ದಿನ ಸಿಗುತ್ತದೆ. ಸಭೆಯಲ್ಲಿ ಹೇಳಿದ್ದೇ ಸಾಕು ಅಂತ ಮನೆಯಲ್ಲಿ ಕೂತರೆ ಕೆಟ್ಟಿರಿ. ಕಚೇರಿಗೆ ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಕೆರೆಯಿಂದ ಎಷ್ಟು ದೂರ ಕಟ್ಟಡ ಕಟ್ಟದೆ ಬಿಡಬೇಕು ಅನ್ನುವುದನ್ನೂ ಅದರಲ್ಲೇ ಬರೆದು ಕೇಳಿ. 2014ರ ಕೆರೆ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು 30 ಮೀಟರ್ ಅಂತಿತ್ತು. ಇಂಥ ಅಳತೆಗಳು ಬದಲಾಗುತ್ತಿರುತ್ತವೆ, ಬಾಯಿಮಾತಿಗೆ ಒಪ್ಪಬೇಡಿ.

7. ತಿರುಗಿ ಬನ್ನಿ. ಯಾವ ಸಲಹೆ ಪ್ಲಾನ್‌ಗೆ ಸೇರಿತು, ಯಾವುದು ಬಿಟ್ಟುಹೋಯಿತು, ಯಾಕೆ ಅಂತ ಒಂದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಲಿನ ಡೈರಿ ಗೋಡೆಗೆ ಅಂಟಿಸಿ. ಫ್ಲೆಕ್ಸ್ ಬೇಡ, ಎರಡೇ ದಿನದಲ್ಲಿ ಯಾರದೋ ಕೊಟ್ಟಿಗೆಗೆ ಮರೆಯಾಗುತ್ತದೆ. ಕಚೇರಿಯ ನೋಟಿಸ್ ಬೋರ್ಡೂ ಬೇಡ. ಅದರ ಗಾಜಿನ ಬಾಗಿಲಿಗೆ ಬೀಗ ಇರುತ್ತದೆ, ಕೀ ಯಾರ ಹತ್ತಿರ ಇದೆ ಅಂತ ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ.