ಟರ್ಕಿ ಬೇಟೆ: 12 ಗೇಜೋ, 20 ಗೇಜೋ?

ಗೇಜ್ ಎಂದರೆ ಚರೆ ಬಂದೂಕಿನ (ಶಾಟ್‌ಗನ್) ನಳಿಗೆಯ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ಅಗಲ: 12 ಗೇಜ್ ಸುಮಾರು 18.5 ಮಿ.ಮೀ., 20 ಗೇಜ್ 15.6. ಅಮೆರಿಕದ ಕಾಡುಟರ್ಕಿ ಕೋಳಿಗೆ ಗುರಿ ತಲೆ, ಕುತ್ತಿಗೆ ಮಾತ್ರ. ಮೈಗೆ ಹೊಡೆದರೆ ಗಾಯಗೊಂಡ ಹಕ್ಕಿ ತಪ್ಪಿಸಿಕೊಳ್ಳುತ್ತದೆ.

ಸೀಸದ ಚರೆಯಾದರೆ 12 ಗೇಜ್, 3 ಇಂಚಿನ ತೋಟಾ, 5ನೇ ನಂಬರ್ (ನಂಬರ್ ಹೆಚ್ಚಿದಷ್ಟೂ ಚರೆ ಸಣ್ಣದು). ಟಂಗ್‌ಸ್ಟನ್ ಚರೆ ಸೀಸಕ್ಕಿಂತ ಒಂದೂವರೆ ಪಟ್ಟು ಸಾಂದ್ರ. 9ನೇ ನಂಬರಿನ ಸಣ್ಣ ಚರೆಯೂ ಆಳಕ್ಕಿಳಿಯುವುದರಿಂದ 20 ಗೇಜೇ ಸಾಕು. ಬೆಲೆ ಮಾತ್ರ ಕೈ ಸುಡುತ್ತದೆ!

ಯಾವುದೇ ಇರಲಿ, 40 ಗಜ ದೂರದ ಕಾಗದಕ್ಕೆ ಹೊಡೆದು ನೋಡಿ. ಗುರಿಬಿಂದುವಿನ ಸುತ್ತ 10 ಇಂಚು ವ್ಯಾಸದ ವೃತ್ತದಲ್ಲಿ 100 ಚರೆ ಬೀಳದಿದ್ದರೆ ಚೋಕ್ (ನಳಿಗೆಯ ತುದಿಯನ್ನು ಕಿರಿದಾಗಿಸುವ ಭಾಗ) ಅಥವಾ ತೋಟಾ ಬದಲಿಸಿ. ಇಲ್ಲವೇ ದೂರ ತಗ್ಗಿಸಿ.

ಎರಡೂ ಗೇಜಿನ ತೋಟಾಗಳನ್ನು ಒಂದೇ ಜೇಬಿನಲ್ಲಿಡಬೇಡಿ. 12ರ ನಳಿಗೆಯಲ್ಲಿ 20ರ ತೋಟಾ ಜಾರಿ ಸಿಕ್ಕಿಕೊಳ್ಳುತ್ತದೆ. ಹಿಂದೆಯೇ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ರ ತೋಟಾ ಹಳದಿಯಾಗಿರುವುದು ಅದಕ್ಕೇ.