ಉಸಿರು ಮೊದಲು, ಸೂಜಿ ಆಮೇಲೆ: ನಲಾಕ್ಸೋನ್ ಬಳಸುವ ಬಗೆ

ನಲಾಕ್ಸೋನ್ ಎಂದರೆ ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಸೇದುವವರ ಔಷಧ, ನಮಗೇಕೆ ಎನ್ನುವವರು ಮುಂಬಯಿ ಕನ್ನಡಿಗರಲ್ಲೂ ಇದ್ದಾರೆ. ಆದರೆ ಪರೇಲ್‌ನ ಟಾಟಾ ಆಸ್ಪತ್ರೆಗೆ ಊರಿನಿಂದ ಬಂದು ಡೊಂಬಿವಿಲಿಯಲ್ಲೋ ಘಾಟ್ಕೋಪರ್‌ನಲ್ಲೋ ನೆಂಟರ ಮನೆಯಲ್ಲಿ ಉಳಿಯುವ ಕ್ಯಾನ್ಸರ್ ರೋಗಿಯ ಚೀಲದಲ್ಲಿ ಮಾರ್ಫಿನ್ ಮಾತ್ರೆಯೋ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯೋ ಇರಬಹುದು. ಇವೂ ಬ್ರೌನ್ ಶುಗರ್‌ನ ಕುಲದವೇ, ಅಂದರೆ ಅಫೀಮಿನಂತೆ ಕೆಲಸ ಮಾಡುವ ಓಪಿಯಾಯ್ಡ್‌ಗಳು. ಪ್ರಮಾಣ ಮೀರಿದರೆ ಮಿದುಳಿನ ಉಸಿರಾಟದ ಕೇಂದ್ರವನ್ನೇ ಮಂಕಾಗಿಸುತ್ತವೆ. ನಲಾಕ್ಸೋನ್ ಅವುಗಳನ್ನು ಮಿದುಳಿನ ಗ್ರಾಹಕಗಳಿಂದ ತಳ್ಳಿ ತಾನು ಆ ಜಾಗ ಹಿಡಿಯುತ್ತದೆ. ಅದರ ಕೆಲಸ ಅಷ್ಟೇ.

ಗುರುತು ಹಿಡಿಯುವುದು: ಕರೆದರೆ ಓಗೊಡುವುದಿಲ್ಲ, ಎದೆಮೂಳೆಯ ಮೇಲೆ ಬೆರಳಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿದರೂ ಏಳುವುದಿಲ್ಲ. ಉಸಿರು ನಿಮಿಷಕ್ಕೆ ಎಂಟು–ಹತ್ತಕ್ಕಿಂತ ಕಡಿಮೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ತುಟಿ, ಉಗುರು ನೀಲಿ ಅಥವಾ ಬೂದು. ಹೋಟೆಲ್ ಕೆಲಸಗಾರರ ರೂಮುಗಳಲ್ಲಿ ಒಂದು ತಪ್ಪು ತಿಳಿವಳಿಕೆಯಿಂದ ಜೀವ ಹೋಗಬಹುದು: ಗಂಟಲಲ್ಲಿ ಗೊರಗೊರ ಸದ್ದು ಬರುತ್ತಿರುತ್ತದೆ, ‘ಗೊರಕೆ ಹೊಡೀತಿದ್ದಾನೆ, ಮಲಗಲಿ ಬಿಡಿ’ ಎಂದು ದೀಪ ಆರಿಸುತ್ತಾರೆ. ಅದು ಗೊರಕೆಯಲ್ಲ, ಶ್ವಾಸನಾಳ ಕಟ್ಟುತ್ತಿರುವ ಸದ್ದು. ಊರಿಗೆ ಹೋಗಿಯೋ ವ್ಯಸನಮುಕ್ತಿ ಕೇಂದ್ರದಲ್ಲಿದ್ದೋ ಕೆಲವು ವಾರ ಬಿಟ್ಟು, ಮರಳಿ ಹಳೆಯ ಅಳತೆಯಲ್ಲೇ ತೆಗೆದುಕೊಂಡವರ ಮೇಲೆ ವಿಶೇಷ ಕಣ್ಣಿರಲಿ. ದೇಹ ಅಷ್ಟನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ.

ಮೊದಲ ಕೆಲಸ: 108ಕ್ಕೆ ಫೋನ್ ಮಾಡಿ, ‘ಉಸಿರಾಡುತ್ತಿಲ್ಲ’ ಎಂದು ಸ್ಪಷ್ಟವಾಗಿ ಹೇಳಿ. ಅಂಗಾತ ಮಲಗಿಸಿ, ಹಣೆ ಹಿಂದಕ್ಕೆ ಬಾಗಿಸಿ, ಗದ್ದ ಮೇಲಕ್ಕೆತ್ತಿ. ಬಾಯಲ್ಲಿ ಗುಟ್ಕಾ, ವಾಂತಿ ಕಾಣಿಸಿದರೆ ತೆಗೆಯಿರಿ. ಮೂಗು ಮುಚ್ಚಿ, ಬಾಯಿಂದ ಬಾಯಿಗೆ ಐದು ಸೆಕೆಂಡಿಗೊಂದರಂತೆ ಉಸಿರು ಊದಿ. ಎದೆ ಏರಬೇಕು, ಏರದಿದ್ದರೆ ತಲೆ ಸರಿಯಾಗಿ ಬಾಗಿಲ್ಲ. ನಾಡಿಯೂ ಸಿಗದಿದ್ದರೆ ಎದೆ ಒತ್ತುವುದನ್ನೂ ಶುರುಮಾಡಿ. ನಲಾಕ್ಸೋನ್ ತರಲು ಎಲ್ಲರೂ ಓಡಿಹೋಗಿ ಊದುವವರೇ ಇಲ್ಲದಂತಾಗಬಾರದು. ಬಿದ್ದವರನ್ನು ಕೊಲ್ಲುವುದು ಆಮ್ಲಜನಕದ ಕೊರತೆ. ಅದನ್ನು ನಿಮ್ಮ ಶ್ವಾಸಕೋಶ ಈಗಲೇ ಕೊಡಬಲ್ಲದು.

ಇಂಜೆಕ್ಷನ್: ಸಾಮಾನ್ಯ ಆಂಪ್ಯೂಲ್ (ಕತ್ತು ಮುರಿದು ತೆರೆಯುವ ಪುಟ್ಟ ಗಾಜಿನ ಸೀಸೆ) 1 ಮಿ.ಲೀ., ಅದರಲ್ಲಿ 0.4 ಮಿ.ಗ್ರಾಂ. ವೈದ್ಯರ ಚೀಟಿ ಬೇಕು. ಚೀಟಿ ಕೇಳುವಾಗಲೇ ಚುಚ್ಚುವ ಕ್ರಮವನ್ನೂ ಕೈಯಲ್ಲಿ ಮಾಡಿಸಿಕೊಂಡು ಕಲಿಯಿರಿ. ಜೊತೆಗೆ 2 ಮಿ.ಲೀ. ಸಿರಿಂಜ್, ಮಾಂಸಖಂಡಕ್ಕೆ ತಲುಪುವ 23 ಗೇಜ್‌ನ ಒಂದು ಅಥವಾ ಒಂದೂವರೆ ಇಂಚಿನ ಸೂಜಿ. ಇನ್ಸುಲಿನ್ ಸಿರಿಂಜ್‌ನ ಗಿಡ್ಡ ಸೂಜಿ ಬೇಡ. ಆಂಪ್ಯೂಲಿನ ತಲೆಗೆ ತಟ್ಟಿ ದ್ರವವನ್ನು ಕೆಳಗಿಳಿಸಿ, ಕತ್ತಿನ ಚುಕ್ಕಿ ನಿಮ್ಮ ಕಡೆಗಿರಲಿ, ಬಟ್ಟೆ ಸುತ್ತಿ ಆಚೆಗೆ ಮುರಿಯಿರಿ. ಗಾಬರಿಯಲ್ಲಿ ಬರಿಗೈಯಲ್ಲಿ ಮುರಿದವರ ಬೆರಳು ಕೊಯ್ಯುತ್ತದೆ, ಅರ್ಧ ಔಷಧ ನೆಲದ ಪಾಲು. ಪೂರ್ತಿ ಎಳೆದುಕೊಂಡು, ತೊಡೆಯ ಹೊರಬದಿಯ ನಡುಭಾಗಕ್ಕೆ ನೇರವಾಗಿ ಚುಚ್ಚಿ ಒತ್ತಿ. ತೆಳು ಬಟ್ಟೆಯ ಮೇಲಿಂದಲೂ ಆಗುತ್ತದೆ. ಮೂಗಿನ ಸ್ಪ್ರೇ ಸಿಕ್ಕಿದ್ದರೆ ಇನ್ನೂ ಸುಲಭ, ಆದರೆ ಪರೀಕ್ಷೆಗೆಂದು ಒಮ್ಮೆ ಒತ್ತಿ ನೋಡಬೇಡಿ; ಒಂದೇ ಡೋಸ್‌ನ ಸ್ಪ್ರೇ ಅಲ್ಲಿಗೇ ಖಾಲಿ.

ಊದುವುದು ನಿಲ್ಲಬಾರದು. ಎರಡು–ಮೂರು ನಿಮಿಷದಲ್ಲಿ ಉಸಿರು ಮರಳದಿದ್ದರೆ ಇನ್ನೊಂದು ಆಂಪ್ಯೂಲ್. ಆದ್ದರಿಂದ ಕನಿಷ್ಠ ಎರಡಾದರೂ ಜೊತೆಗಿರಲಿ. ಗುರಿ ಉಸಿರು ಮರಳಿಸುವುದು, ಎಬ್ಬಿಸಿ ಕೂರಿಸುವುದಲ್ಲ.

ಅಂಗಡಿಯಲ್ಲಿ ಆಗುವ ಎಡವಟ್ಟು: ನಾಲ್‌ಟ್ರೆಕ್ಸೋನ್ ಬೇರೆ ಔಷಧ, ವ್ಯಸನ ಮರುಕಳಿಸದಿರಲು ನುಂಗುವ ಮಾತ್ರೆ. ಬ್ಯುಪ್ರೆನಾರ್ಫಿನ್ ಜೊತೆ ನಲಾಕ್ಸೋನ್ ಸೇರಿಸಿದ ಮಾತ್ರೆಯೂ ಈ ಕೆಲಸಕ್ಕಲ್ಲ, ಅದರಲ್ಲಿ ಓಪಿಯಾಯ್ಡೇ ಇದೆ. ಚೀಟಿಯ ಹೆಸರನ್ನು ಡಬ್ಬದ ಹೆಸರಿನೊಂದಿಗೆ ಅಕ್ಷರಕ್ಕಕ್ಷರ ಹೋಲಿಸಿ.

ಮದ್ಯ, ಆಲ್‌ಪ್ರಾಜೊಲಾಮ್‌ನಂಥ ನಿದ್ರೆಮಾತ್ರೆ, ಗೋವಾ ಪಾರ್ಟಿಗಳ ಎಂಡಿಎಂಎ, ಇವಕ್ಕೆ ನಲಾಕ್ಸೋನ್ ನಾಟುವುದಿಲ್ಲ. ಏನು ತೆಗೆದುಕೊಂಡಿದ್ದಾರೋ ಗೊತ್ತಿಲ್ಲದಿದ್ದರೂ ಕೊಡಿ, ಓಪಿಯಾಯ್ಡ್ ಇಲ್ಲದ ದೇಹದಲ್ಲಿ ಅದು ಹೆಚ್ಚೇನೂ ಮಾಡದು. ನೋವಿನ ಮಾತ್ರೆ ಟ್ರಮಡಾಲ್‌ನಲ್ಲಿ ಭಾಗಶಃ ಮಾತ್ರ ಕೆಲಸ ಮಾಡುತ್ತದೆ, ಫಿಟ್ಸ್ ಬರಬಹುದು. ನಿಂಬೆರಸ, ಉಪ್ಪುನೀರು, ತಣ್ಣೀರು ಸ್ನಾನ ಯಾವುದೂ ಬೇಡ. ಎಚ್ಚರವಿಲ್ಲದವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ.

ಕ್ಯಾನ್ಸರ್ ರೋಗಿಯ ವಿಷಯ ಬೇರೆ. ಮಂಪರಿನಲ್ಲಿದ್ದರೂ ಚೆನ್ನಾಗಿ ಉಸಿರಾಡುತ್ತಿದ್ದರೆ ಚುಚ್ಚಬೇಡಿ. ಪೂರ್ತಿ ಡೋಸ್ ಬಿದ್ದರೆ ಅಡಗಿದ್ದ ನೋವೆಲ್ಲ ಒಮ್ಮೆಲೇ ಎದ್ದುಬರುತ್ತದೆ. ಆಸ್ಪತ್ರೆಯಲ್ಲಿ 0.4 ಮಿ.ಗ್ರಾಂ ಅನ್ನು 10 ಮಿ.ಲೀ.ಗೆ ತೆಳುಮಾಡಿ ಸ್ವಲ್ಪಸ್ವಲ್ಪವೇ ಕೊಡುವುದು ಇದಕ್ಕೇ. ಚಿಕಿತ್ಸೆ ಕೊಡುತ್ತಿರುವ ತಂಡಕ್ಕೆ ಫೋನ್ ಮಾಡಿ. ಆದರೆ ಉಸಿರು ಕುಂದಿದ್ದರೆ ಹಿಂಜರಿಕೆ ಬೇಡ: ಫೆಂಟನಿಲ್ ಪಟ್ಟಿ ಕಿತ್ತುಹಾಕಿ, ಮೇಲಿನ ಕ್ರಮ ಅನುಸರಿಸಿ. ಮನೆಯ ಮಗು ಮಾತ್ರೆ ನುಂಗಿದ್ದರೆ, ಆಡುತ್ತಿದ್ದರೂ, ನೇರ ಆಸ್ಪತ್ರೆಗೆ.

ಎದ್ದಮೇಲಿನ ಹೊತ್ತೇ ಮೋಸದ್ದು. ನಲಾಕ್ಸೋನ್ ಪ್ರಭಾವ 30ರಿಂದ 90 ನಿಮಿಷ. 12 ಗಂಟೆ ಕೆಲಸ ಮಾಡುವ ಮಾರ್ಫಿನ್ ಮಾತ್ರೆ, ಮೆಥಡೋನ್ ಎಂಬ ಇನ್ನೊಂದು ಓಪಿಯಾಯ್ಡ್ ಅದನ್ನು ಮೀರಿ ಉಳಿಯುತ್ತವೆ, ಉಸಿರು ಮತ್ತೆ ಕುಂದುತ್ತದೆ. ವಾಂತಿ, ನಡುಕ, ಸಿಟ್ಟು ಬರುತ್ತದೆ, ‘ನನ್ನ ನಶೆ ಯಾಕೆ ಇಳಿಸಿದಿರಿ’ ಎಂದು ಬೈಯಬಹುದು, ಎದ್ದು ಹೋಗಿ ಮತ್ತೆ ಸೇದಬಹುದು. ಎಡಮಗ್ಗುಲಿಗೆ ಹೊರಳಿಸಿ, ಆಂಬ್ಯುಲೆನ್ಸ್ ಬರುವವರೆಗೆ ಪಕ್ಕದಿಂದ ಕದಲಬೇಡಿ. ಬಂದವರಿಗೆ ಎಷ್ಟು ಗಂಟೆಗೆ ಎಷ್ಟು ಆಂಪ್ಯೂಲ್ ಕೊಟ್ಟಿರಿ ಎಂದು ಬರೆದುಕೊಡಿ, ಖಾಲಿ ಆಂಪ್ಯೂಲ್, ಮಾತ್ರೆಯ ಸ್ಟ್ರಿಪ್ ಎಸೆಯದೆ ಒಪ್ಪಿಸಿ. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗದೆ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಇಳಿಸಿ.