ಒಲೆ ಮುಂದೆ, ಹಾಸಿಗೆ ಹಿಂದೆ: ನ್ಯಾರೋಬೋಟ್‌ನ ತೇವ ಓಡಿಸಿದ ನನ್ನ ಅನುಭವ

ನಮ್ಮದು 57 ಅಡಿ ಉದ್ದದ ನ್ಯಾರೋಬೋಟ್, ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡುವ ಕಿರಿದಾದ ದೋಣಿ. ಅದೇ ನಮ್ಮ ಮನೆ. ಒಲೆ ಮೂತಿಯ ಕಡೆ, ಹಾಸಿಗೆ ಎಂಜಿನ್ ಕಡೆ. ಇಂಥ ದೋಣಿಯಲ್ಲಿ ಇಂಗ್ಲೆಂಡಿನ ಚಳಿಗಾಲ ಕಳೆದವರಿಗೆ ಮಿಕ್ಕಿದ್ದು ಹೇಳಬೇಕಿಲ್ಲ. ಒಲೆ ಪಕ್ಕ 27 ಡಿಗ್ರಿ, ಬನಿಯನ್‌ನಲ್ಲಿ ಕೂರಬಹುದು. ಹಾಸಿಗೆ ಹತ್ತಿರ 9 ಅಥವಾ 10. ಬೆಳಿಗ್ಗೆ ಕಿಟಕಿ ಚೌಕಟ್ಟಿನಿಂದ ನೀರು ಇಳಿಯುತ್ತಿತ್ತು. ಹಾಸಿಗೆ ಎತ್ತಿದರೆ ಅಡಿಯಲ್ಲಿ ಕರಿ ಬೂಸ್ಟು. ಹೆಂಡತಿಯ ಉಣ್ಣೆ ಶಾಲು ಒಂದು ಅದರಲ್ಲೇ ಹಾಳಾಯಿತು.

ಮರೀನಾದಲ್ಲಿ, ಅಂದರೆ ದೋಣಿಗಳ ತಂಗುದಾಣದಲ್ಲಿ, ದೋಣಿ ಕಟ್ಟಿಕೊಂಡವರಿಗೆ ಕರೆಂಟ್ ಪ್ಲಗ್ ಇರುತ್ತದೆ. ನಮಗೆ ಕಾಯಂ ಜಾಗ ಇಲ್ಲ. 14 ದಿನದೊಳಗೆ ಹಗ್ಗ ಬಿಚ್ಚಿ ಮುಂದೆ ಹೋಗಲೇಬೇಕು. ಡಿಸೆಂಬರ್‌ನಲ್ಲಿ ಸೋಲಾರ್ ಇದ್ದೂ ಇಲ್ಲದ ಹಾಗೆ. ಬ್ಯಾಟರಿ ಚಾರ್ಜ್ ಮಾಡೋಣ ಅಂದರೆ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಎಂಜಿನ್ ಹಾಕುವಂತಿಲ್ಲ. ಹಾಗಾಗಿ ಏನೇ ಮಾಡಿದರೂ ಬ್ಯಾಟರಿಗೆ ಭಾರ ಆಗಬಾರದು.

ಮೊದಲು ತಂದಿದ್ದು ತೇವ ಹೀರುವ ಮೆಷಿನ್. ಸುಮಾರು 150 ಪೌಂಡ್. ನೀರನ್ನೇನೋ ಚೆನ್ನಾಗಿಯೇ ಹೀರಿತು, ಆದರೆ 200 ವ್ಯಾಟ್ ಹತ್ತಿರ ತಿನ್ನುತ್ತಿತ್ತು. ಲೆಡ್ ಆಸಿಡ್ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದು ಬೇಗ ಹಾಳಾಗುತ್ತದೆ. ಹೊಸ ಬ್ಯಾಟರಿಗಳಿಗೆ 400 ಪೌಂಡ್ ಹೋಯಿತು. ಆಮೇಲೆ ಡೀಸೆಲ್ ಹೀಟರ್, 120ರ ಆಸುಪಾಸು. ಉರಿಯುವಷ್ಟು ಹೊತ್ತು ಬಿಸಿ, ನಿಂತ ಅರ್ಧ ಗಂಟೆಗೆ ಮತ್ತೆ ಅದೇ ಚಳಿ. ತೇವ ಹೀರುವ ಉಪ್ಪಿನ ಡಬ್ಬಿಗಳೂ ಬಂದವು. ವಾರಕ್ಕೆ ಒಂದು ಲೋಟ ನೀರು ಹಿಡಿದರೆ ಹೆಚ್ಚು. ಒಲೆಯ ಶಾಖಕ್ಕೇ ತಿರುಗುವ ಫ್ಯಾನ್‌ಗೆ 100 ಪೌಂಡ್ ಕೊಟ್ಟೆ. ಅದರ ಗಾಳಿ ಬಚ್ಚಲಮನೆ ತಿರುವು ದಾಟಲೇ ಇಲ್ಲ.

ಎರಡು ವಸ್ತು ಮಾತ್ರ ಉಳಿಸಿಕೊಂಡೆ. ಕಿಟಕಿಗೆ ಮ್ಯಾಗ್ನೆಟ್ ಪಟ್ಟಿಯಿಂದ ಅಂಟುವ ಅಕ್ರಿಲಿಕ್ ಹಾಳೆ, ಹಾಸಿಗೆ ಅಡಿಗೆ ಗಾಳಿಯಾಡುವ ಜಾಲರಿ. ಇವು ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಕೊನೆಗೆ ಕೆಲಸ ಮಾಡಿದ್ದು 12 ವೋಲ್ಟ್‌ನ ಎರಡು ಕಂಪ್ಯೂಟರ್ ಫ್ಯಾನ್. ಎಲ್ಲರೂ ಬಿಸಿ ಗಾಳಿಯನ್ನು ಹಿಂದಕ್ಕೆ ತಳ್ಳಲು ನೋಡುತ್ತಾರೆ. ನಾನು ತಣ್ಣನೆ ಗಾಳಿಯನ್ನು ಮುಂದಕ್ಕೆ ತಳ್ಳಿದೆ. ತಣ್ಣನೆ ಗಾಳಿ ಭಾರ, ನೆಲದಲ್ಲೇ ಕೂತಿರುತ್ತದೆ. ಅದನ್ನು ಅಲ್ಲಿಂದ ಎಬ್ಬಿಸಿ ಒಲೆ ಕಡೆ ಕಳಿಸಿದರೆ, ಖಾಲಿಯಾದ ಜಾಗಕ್ಕೆ ಬಿಸಿ ಗಾಳಿ ಸೂರಿನ ಕೆಳಗಿಂದ ತಾನೇ ಹರಿದು ಬರುತ್ತದೆ. ಫ್ಯಾನ್‌ಗಳನ್ನು ಮಂಚದ ಬದಿಯಲ್ಲಿ, ನೆಲಕ್ಕೆ ತಾಗಿದಂತೆ, ಮೂತಿಯ ಕಡೆಗೆ ಮುಖ ಮಾಡಿ ಕೂರಿಸಿದೆ. ನಡುವಿನ ಬಾಗಿಲ ಕೆಳಗೆ ಎರಡು ಬೆರಳಷ್ಟು ಕತ್ತರಿಸಿದೆ, ಮೇಲೊಂದು ಜಾಲಿ ಹಾಕಿದೆ. ಮೇಲಿನ ಕಂಡಿ ಇಲ್ಲದೆ ಇದು ನಡೆಯುವುದಿಲ್ಲ. ವೈರು ಎಲ್ಲ ಸೇರಿ 25 ಪೌಂಡ್ ಆಗಿರಬಹುದು.

ಮಿಲ್ಟನ್ ಕೀನ್ಸ್‌ನಲ್ಲಿರುವ ಗೆಳೆಯ ಫೋನಿನಲ್ಲೇ ನಕ್ಕ. "ಚಳಿಯಲ್ಲಿ ಯಾರಾದ್ರೂ ಫ್ಯಾನ್ ಹಾಕ್ತಾರಾ ಮಾರಾಯ?" ಪಕ್ಕದ ದೋಣಿಯ ಹಿರಿಯರು ನಲವತ್ತು ವರ್ಷದಿಂದ ಕಾಲುವೆ ಮೇಲೇ ಇದ್ದವರು. ಅವರೂ ತಲೆ ಅಲ್ಲಾಡಿಸಿದರು. ಇಬ್ಬರನ್ನೂ ದೋಣಿಗೆ ಕರೆದು ಊದುಬತ್ತಿ ಹಚ್ಚಿ ತೋರಿಸಿದೆ. ಬಾಗಿಲ ಮೇಲ್ಗಡೆ ಹಿಡಿದರೆ ಹೊಗೆ ಹಾಸಿಗೆ ಕಡೆ ಹೋಯಿತು, ನೆಲದ ಹತ್ತಿರ ಹಿಡಿದರೆ ಒಲೆ ಕಡೆ. ಆ ಹಿರಿಯರ ದೋಣಿಗೂ ಈಗ ನಾನೇ ಫ್ಯಾನ್ ಕೂರಿಸಿದ್ದೇನೆ.

ಹಿಂದಿನ ಕೋಣೆ ಈಗ 16, 17 ಡಿಗ್ರಿ ಇರುತ್ತದೆ. ತೇವಾಂಶ ಶೇಕಡಾ 85ರ ಹತ್ತಿರ ಇದ್ದದ್ದು 60ಕ್ಕೆ ಇಳಿದಿದೆ. ಎರಡೂ ಫ್ಯಾನ್ ಸೇರಿ 4 ವ್ಯಾಟ್. ದಿನವಿಡೀ ತಿರುಗಿದರೂ ಬ್ಯಾಟರಿಯಿಂದ ಹೋಗುವುದು 8 ಆಂಪಿಯರ್ ಅವರ್ ಅಷ್ಟೇ. ಕಲ್ಲಿದ್ದಲು ಜಾಸ್ತಿ ಆಗಲಿಲ್ಲ. 25 ಕಿಲೋ ಚೀಲ, 17 ಪೌಂಡ್ ಇರಬೇಕು, ಮೊದಲಿನಂತೆ ಮೂರು ದಿನ ಬರುತ್ತದೆ. ಹಿಂಭಾಗ ಬೆಚ್ಚಗಾಗಲಿ ಅಂತ ಒಲೆಯನ್ನು ಸುಮ್ನೆ ಕೆಂಪಗೆ ಉರಿಸುವುದು ತಪ್ಪಿತು. ಬೆಳಗಿನವರೆಗೂ ಕೆಂಡ ಉಳಿಸಲು ನನ್ನದೊಂದು ಲೆಕ್ಕ ಇದೆ, ಫ್ಯಾನ್ ಸದ್ದು ಕೇಳದಂತೆ ಮಾಡಿದ ಪೆಟ್ಟಿಗೆಯೂ ಇದೆ. ಅವೆರಡನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಅರ್ಧ ತೇವ ನಮ್ಮ ಅಡುಗೆಯಿಂದಲೇ ಬರುತ್ತದೆ. ಗ್ಯಾಸ್ ಉರಿದರೂ ನೀರಾವಿ ಬರುತ್ತದೆ, ಅಲ್ವಾ? ಅನ್ನ ಈಗ ಕುಕ್ಕರಿನಲ್ಲೇ. ಸಾರು ಕುದಿಯುವುದು ಒಲೆಯ ಮೇಲೆ, ಮುಚ್ಚಳ ಹಾಕಿ. ಇಡ್ಲಿಯ ಹಬೆ ಮಾತ್ರ ಸಂಭಾಳಿಸಲು ಆಗಲ್ಲ. ಅದಕ್ಕೆ ಚಳಿಗಾಲದಲ್ಲಿ ನಮ್ಮಲ್ಲಿ ದೋಸೆಯೇ ಹೆಚ್ಚು. ಹಿಟ್ಟು ಹುಳಿ ಬರಿಸಲು ಬಿಸಿನೀರಿನ ಟ್ಯಾಂಕ್ ಇರುವ ಕಪಾಟು ಹಿಡಿದೆ. ಮಧ್ಯಾಹ್ನ ಒಂದೆರಡು ಗಂಟೆ ದೋಣಿ ಓಡಿಸಿದರೆ ಎಂಜಿನ್ ಶಾಖಕ್ಕೆ ಟ್ಯಾಂಕ್ ಕಾಯುತ್ತದೆ. ಪಾತ್ರೆಗೆ ಟವೆಲ್ ಸುತ್ತಿ ಅಲ್ಲಿಟ್ಟರೆ ಬೆಳಿಗ್ಗೆ ಹಿಟ್ಟು ಉಬ್ಬಿರುತ್ತದೆ. ಒಲೆ ಪಕ್ಕ ಇಟ್ಟು ನೋಡಿದ್ದೆ, ಒಂದು ಬದಿ ಬೆಂದು ಗಟ್ಟಿಯಾಗಿತ್ತು.

ಓಡಿಸುವುದಕ್ಕೂ ಜಾಗ ನೋಡಿ ಇರಬೇಕು. ನವೆಂಬರ್‌ನಿಂದ ಮಾರ್ಚ್‌ವರೆಗೆ ರಿಪೇರಿಗೆ ಅಂತ ಅಲ್ಲಲ್ಲಿ, ನೀರಿನ ಮಟ್ಟ ಏರಿಳಿಸಿ ದೋಣಿ ದಾಟಿಸುವ ಕಾಲುವೆಯ ಬಾಗಿಲುಕಟ್ಟೆಗಳಾದ ಲಾಕ್‌ಗಳನ್ನು ಮುಚ್ಚುತ್ತಾರೆ. ಅದಕ್ಕೆ ಕಳೆದ ಚಳಿಗಾಲವನ್ನು ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ, ಸ್ಟೋಕ್ ಬ್ರೂಅರ್ನ್‌ಗೂ ಬಕ್ಬಿ ಲಾಕ್‌ಗಳಿಗೂ ನಡುವೆ ಕಳೆದೆವು. ಸುಮಾರು 15 ಮೈಲಿ, ಒಂದು ಲಾಕ್ ಕೂಡ ಇಲ್ಲ. ಬ್ಲಿಸ್‌ವರ್ತ್ ಸುರಂಗ ಒಂದೇ ಎರಡೂಮುಕ್ಕಾಲು ಕಿಲೋಮೀಟರ್. ಒಳಗೆ ತಲೆ ಮೇಲೆ ನೀರು ಸುರಿಯುತ್ತದೆ, ಹಿಂದೆ ನಿಂತು ಚುಕ್ಕಾಣಿ ಹಿಡಿಯುವವರು ರೇನ್‌ಕೋಟ್ ಹಾಕಿಕೊಳ್ಳಿ. ವಸಂತ ಬಂದ ಕೂಡಲೇ ಉತ್ತರಕ್ಕೆ ಹೊರಟೆವು.

ಈ ಫ್ಯಾನ್ ನೀವೂ ಹಾಕುವುದಾದರೆ, ಚಳಿ ಅಂತ ಚಾವಣಿಯ ಗಾಳಿ ಕಂಡಿಗಳಿಗೆ ಬಟ್ಟೆ ತುರುಕಬೇಡಿ. ಒಲೆ ಉರಿಯುವ ದೋಣಿಯಲ್ಲಿ ಅದು ಜೀವದ ಪ್ರಶ್ನೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಒಲೆ ಹತ್ತಿರ, ಇನ್ನೊಂದು ಹಾಸಿಗೆ ಹತ್ತಿರ ಇರಲಿ. ಫ್ಯಾನ್ ವೈರಿಗೆ 1 ಆಂಪಿಯರ್ ಫ್ಯೂಸ್ ಸಾಕು, ಬ್ಯಾಟರಿ ಹತ್ತಿರವೇ ಹಾಕಿ.